ಜಾಯಿದನ ಉಗ್ರಾಣದಲ್ಲಿ ಒಂದು ಶಾಲೆ

ಆ ಚಳಿಗಾಲದ ಮೊದಲ ವಾರಗಳಲ್ಲಿ ಜಾಯಿದನ ಕೊರಳಲ್ಲಿ ಒಂದು ಕೀಲಿ ನೇತಾಡುತ್ತಿತ್ತು. ನಮಾಜಿಗೆ ಬಗ್ಗಿದಾಗ ಅದು ಅಂಗಿಯಿಂದ ಜಾರಿ ಹೊರಬರುತ್ತಿತ್ತು, ಪಕ್ಕದವನ ಕಣ್ಣು ಅತ್ತ ಹೊರಳುತ್ತಿತ್ತು. ಅದು ಯಾವುದರ ಕೀಲಿ ಎಂದು ಮರಳುಗಾಡಿನ ತಲ್ಮಾಯಿತ್ ಊರಿನ ಮೂವತ್ತೊಂದು ಮನೆಗೂ ಗೊತ್ತಿತ್ತು. ಶಾಲೆಯ ಕೀಲಿ. ಕಟ್ಟಡದ್ದಲ್ಲ, ಸೊಂಟದೆತ್ತರದ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯದು. ಆ ಪೆಟ್ಟಿಗೆಯೊಳಗೆ ಆಕಾಶದಿಂದ ಇಂಟರ್ನೆಟ್ ಹಿಡಿಯುವ ತಟ್ಟೆ, ಒಂದು ಬ್ಯಾಟರಿ, ಅದಕ್ಕೆ ಬಿಸಿಲಿನಿಂದ ಕರೆಂಟು ತುಂಬುವ ಫಲಕ, ಒಂದು ದೊಡ್ಡ ಪರದೆ, ಆರು ಟ್ಯಾಬ್ಲೆಟ್ಟು ಮತ್ತು ಜಾಯಿದನ ಮಗಳು ತೂದಾಳ ಹಣೆಬರಹ ಇದ್ದವು. ಪೆಟ್ಟಿಗೆ ಜಾಯಿದನದೇ ಉಗ್ರಾಣದಲ್ಲಿ, ಖರ್ಜೂರದ ಬುಟ್ಟಿಗಳ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿತ್ತು. ತೆರೆಯಲು ಅವನಿಗೆ ಕೈ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದೇ ಈ ಮನುಷ್ಯನ ಕಥೆ. ಅವನನ್ನು ಮೂರ್ಖ ಎನ್ನುವವರು ಮೊದಲು ಪೂರ್ತಿ ಕೇಳಲಿ, ಆಮೇಲೆ ಬಾಯಿ ಬಿಡಲಿ.

ಜಾಯಿದ್ ಹುಟ್ಟಿದ್ದು ಆಡಿನ ಕೂದಲಿನ ಡೇರೆಯಲ್ಲಿ. ಶಾಲೆಗೆ ಹೋದದ್ದು ಮೂರು ಚಳಿಗಾಲ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಪ್ಪ ಡೇರೆ ಕಿತ್ತ, ಅಲ್ಲಿಗೆ ಓದು ಮುಗಿಯಿತು. ಆದರೆ ಮರಳನ್ನು ಅವನಷ್ಟು ಚೆನ್ನಾಗಿ ಓದುವವರು ಆ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಯಾವ ದಿಬ್ಬದ ಬೆನ್ನು ಗಟ್ಟಿ, ಯಾವುದರ ಹೊಟ್ಟೆ ಪೊಳ್ಳು ಎಂದು ದೂರದಿಂದಲೇ ಹೇಳುತ್ತಾನೆ. ಅದೇ ಅವನ ಅನ್ನ. ಪ್ರತಿ ಅಕ್ಟೋಬರಿನಲ್ಲಿ ಆ ದಾರಿಯಲ್ಲಿ ಮೋಟಾರು ರ್ಯಾಲಿ ಹಾಯುತ್ತದೆ. ನೂರಾರು ಕಾರು, ಲಾರಿ, ಮೋಟಾರ್‌ಸೈಕಲ್ಲು. ಹೂತುಹೋದವುಗಳನ್ನು ತನ್ನ ಹಳೆಯ ಲ್ಯಾಂಡ್ ರೋವರಿಗೆ ಹಗ್ಗ ಬಿಗಿದು ಎಳೆದು ಹಾಕುವುದು ಜಾಯಿದನ ಕೆಲಸ. ಆರು ದಿನದ ಆ ಕೆಲಸ ಮುಗಿದರೆ ಉಳಿದ ವರ್ಷ ಪಂಪ್‌ಸೆಟ್ಟು, ಮೊಪೆಡ್ಡು, ಬಾಗಿಲ ಚಿಲಕ, ಏನು ಕೊಟ್ಟರೂ ರಿಪೇರಿ.

ಆ ವರ್ಷ ರ್ಯಾಲಿಯ ಜೊತೆಗೆ ಒಂದು ಶಾಲೆಯೂ ಬಂತು. ದಾರಿಯಲ್ಲಿ ಸಿಗುವ ಐದು ಊರಿಗೆ ಐದು ಪೆಟ್ಟಿಗೆ. ಪರದೆಯ ಮೇಲೆ ಮೆಕ್ನೆಸ್ ಪಟ್ಟಣದಲ್ಲಿ ಕೂತ ಬುಶ್ರಾ ಎಂಬ ಮೇಷ್ಟ್ರಮ್ಮ. ಐದೂರಿನ ಮಕ್ಕಳು ಒಂದೇ ಹೊತ್ತಿಗೆ ಆಕೆಯ ಮುಂದೆ. ಪಾಠಕ್ಕೆ ಪುಸ್ತಕವಿಲ್ಲ, ರ್ಯಾಲಿಯೇ ಪುಸ್ತಕ. ಪ್ರತಿ ಕಾರಿಗೂ ಒಂದು ಚುಕ್ಕೆ, ಚುಕ್ಕೆ ಪರದೆಯ ಮೇಲೆ ಹರಿಯುತ್ತದೆ. ಎಷ್ಟು ದೂರ, ಎಷ್ಟು ಹೊತ್ತು, ಯಾಕೆ ನಿಧಾನವಾಯಿತು, ಗೇರು ಏನು ಮಾಡುತ್ತದೆ, ಡೀಸೆಲ್ ಯಾಕೆ ಹೆಚ್ಚು ಕುಡಿಯಿತು. ಊರಿನ ಶಾಲೆಯ ಮೇಷ್ಟ್ರು ವರ್ಗವಾಗಿ ಹೋಗಿ ವರ್ಷವಾಗಿತ್ತು, ಬದಲಿಗೆ ಯಾರೂ ಬಂದಿರಲಿಲ್ಲ. ಬರುತ್ತಾರೆ, ಬರುತ್ತಾರೆ ಎಂದವರ ಬಾಯಲ್ಲಿ ಹಲ್ಲುದುರಿತು. ಹಾಗಾಗಿ ಎಪ್ಪತ್ತು ವರ್ಷದ ಮುದುಕಿಯರೂ ಶಾಲೆಗೆಂದು ರ್ಯಾಲಿಯವರು ಹಾಕಿದ ಡೇರೆಯ ಬಾಗಿಲಲ್ಲಿ ನಿಂತು ಚುಕ್ಕೆ ನೋಡಿದರು.

ಎರಡನೇ ದಿನ ಬುಶ್ರಾ, "ಮರಳಿಗೆ ಇಳಿಯೋ ಮೊದಲು ಟಯರಿನ ಗಾಳಿ ಯಾಕೆ ಬಿಡ್ತಾರೆ, ಯಾರಾದ್ರೂ ಹೇಳ್ತೀರಾ?" ಎಂದಳು. ಮಕ್ಕಳೆಲ್ಲ ಹಿಂದೆ ತಿರುಗಿ ಬಾಗಿಲಲ್ಲಿದ್ದ ಜಾಯಿದನನ್ನು ನೋಡಿದರು.

"ನನ್ನನ್ನೇನ್ ನೋಡ್ತೀರ? ನಾನೇನು ಪರೀಕ್ಷೆಗೆ ಕೂತಿದೀನಾ?" ಎಂದ ಜಾಯಿದ್.

"ಹೇಳಿ ದಾದಾ, ಕೇಳ್ಸುತ್ತೆ," ಎಂದಿತು ಪರದೆ.

ಅವನು ಎರಡು ಹೆಜ್ಜೆ ಒಳಗೆ ಬಂದು, ತಲೆಪೇಟ ಸರಿಮಾಡಿಕೊಂಡು, ಪರದೆಗೆ ಸಲಾಂ ಹೇಳಿದ. "ಒಂಟೆ ಪಾದ ನೋಡಿದೀಯೇನಮ್ಮ? ಕಾಲಿಟ್ರೆ ಅಗಲ ಆಗುತ್ತೆ. ಕತ್ತೆ ಗೊರಸು ಆಗಲ್ಲ. ಕತ್ತೆ ಹೂತ್ಕೊಳ್ಳುತ್ತೆ, ಒಂಟೆ ನಡೆಯುತ್ತೆ. ಗಾಳಿ ಬಿಟ್ರೆ ಟಯರು ಒಂಟೆ ಆಗುತ್ತೆ, ಅಷ್ಟೇ."

ಬುಶ್ರಾ ನಕ್ಕಳು. ಐದೂರಿನ ಮಕ್ಕಳು ಚಪ್ಪಾಳೆ ತಟ್ಟಿದ್ದು ಆ ಪರದೆಯಿಂದ ಕೇಳಿಸಿತು. ಅಂದು ಮನೆಗೆ ಬಂದವನು ಹೆಂಡತಿ ಫಾದ್ಮಾ ಕೊಟ್ಟ ಚಹಾಕ್ಕೆ ಎಂದಿಗಿಂತ ಒಂದು ತುಂಡು ಸಕ್ಕರೆ ಹೆಚ್ಚಿಗೆ ಹಾಕಿಕೊಂಡ.

ನಾಲ್ಕನೇ ದಿನ ತೂದಾಳದ್ದು. ಅವಳಿಗೆ ಹದಿನೈದು. ಊರಿನ ಆರನೇ ತರಗತಿ ಮುಗಿಸಿ ಮೂರು ವರ್ಷದಿಂದ ಮನೆಯಲ್ಲಿದ್ದಳು. ಮುಂದಿನ ಶಾಲೆ ಅರವತ್ತು ಕಿಲೋಮೀಟರ್ ಆಚೆ, ಅಲ್ಲಿನ ಹಾಸ್ಟೆಲ್ಲಿನಲ್ಲಿ ಹಾಸಿಗೆ ಖಾಲಿಯಿಲ್ಲ, ಬಸ್ಸು ವಾರಕ್ಕೊಂದು. ಪಟ್ಟಣಕ್ಕೆ ದುಡಿಯಲು ಹೋದ ಅಣ್ಣಂದಿರ ಹಳೆಯ ಪುಸ್ತಕಗಳನ್ನು ಓದಿ ಓದಿ ಪುಟ ಹರಿದಿದ್ದಳು. ಅಂದು ಇನ್ನೂರ ಹದಿನಾಲ್ಕನೇ ನಂಬರಿನ ಕಾರಿನ ಚುಕ್ಕೆ ಪರದೆಯಿಂದ ಮಾಯವಾಯಿತು. ರ್ಯಾಲಿಯವರು ಹೆಲಿಕಾಪ್ಟರಿಗೆ ಹೇಳಿಕಳಿಸುವ ಗಡಿಬಿಡಿಯಲ್ಲಿದ್ದರು. ತೂದಾ ಟ್ಯಾಬ್ಲೆಟ್ಟಿನಲ್ಲಿ ಹಳೆಯ ಚುಕ್ಕೆಗಳನ್ನು ಎಣಿಸಿದಳು. ಹತ್ತು ನಿಮಿಷಕ್ಕೊಂದು ಚುಕ್ಕೆ. ಮೊದಲು ಹತ್ತು ನಿಮಿಷಕ್ಕೆ ಒಂಬತ್ತು ಕಿಲೋಮೀಟರ್ ಓಡಿದ್ದು ಕೊನೆಗೆ ಮೂರೇ ಓಡಿತ್ತು, ಅದೂ ಎಡಕ್ಕೆ ವಾಲಿ.

"ಬಾಬಾ, ಅದು ದಾರಿ ಬಿಟ್ಟಿದೆ. ಬಿಳಿ ದಿಬ್ಬದ ಹಿಂದೆ ಇಳಿದಿರ್ಬೇಕು. ಮುಂದಕ್ಕೆ ಹೋಗಿರೋಕೆ ಹೊತ್ತೇ ಸಾಲಲ್ಲ."

ಜಾಯಿದ್ ಲ್ಯಾಂಡ್ ರೋವರ್ ಹತ್ತಿದ. ಬಿಳಿ ದಿಬ್ಬದ ಹಿಂದೆ ಇಬ್ಬರು ಪೋರ್ಚುಗೀಸರು ಮೂಗು ಸುಟ್ಟುಕೊಂಡು ಕೈಯಲ್ಲೇ ಮರಳು ತೋಡುತ್ತಿದ್ದರು. ಎಳೆದು ತಂದು ನಿಲ್ಲಿಸಿದ.

ಪೆಟ್ಟಿಗೆಗಳ ಜವಾಬ್ದಾರಿ ಹೊತ್ತವಳು ಸುಕೈನಾ ಎಂಬ ಹುಡುಗಿ. ಕಾಸಾಬ್ಲಾಂಕಾದವಳು, ಏಳು ತಿಂಗಳ ಬಸುರಿ, ಆದರೂ ಕೂತಲ್ಲಿ ಕೂರದವಳು. ಅವಳು ಅಂದೇ ತೂದಾಳ ಹೆಸರನ್ನು ವರ್ಷದ ಕೋರ್ಸಿಗೆ ಬರೆದುಕೊಂಡಳು. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಪಾಠ. ಜೂನಿನಲ್ಲಿ ಖಾಸಗಿಯಾಗಿ ಒಂಬತ್ತನೆಯ ತರಗತಿಯ ಪರೀಕ್ಷೆ. ಐದೂರಿಗೆ ಸೇರಿ ಇಪ್ಪತ್ತು ಜಾಗ, ಕಾಯುವವರ ಪಟ್ಟಿ ಉದ್ದ. ಸತತ ಆರು ವಾರ ಪಾಠಕ್ಕೆ ಬಾರದಿದ್ದರೆ ಜಾಗ ಮುಂದಿನವರಿಗೆ.

ರ್ಯಾಲಿ ಹೊರಟ ದಿನ ಬೆಳಿಗ್ಗೆ ಸುಕೈನಾ ಫ್ರೆಂಚಿನ ಕಾಗದವೊಂದಕ್ಕೆ ಜಾಯಿದನ ಸಹಿ ಹಾಕಿಸಿಕೊಂಡಳು, ಒಂದು ಪ್ರತಿ ಕೊಟ್ಟಳು. ಸಂಜೆ ಲಾರಿ ಹತ್ತುವ ಮುಂಚೆ ಅವನ ಅಂಗೈಯಲ್ಲಿ ಕೀಲಿಯಿಟ್ಟು, ಎರಡೂ ಕೈಯಿಂದ ಅವನ ಬೆರಳು ಮಡಚಿ, ಹಿರಿಯರಿಗೆ ಸಲ್ಲುವ 'ಸಿ' ಸೇರಿಸಿ ಹೇಳಿದಳು: "ಸಿ ಜಾಯಿದ್, ನಾವು ಬರೋವರೆಗೂ ಇದು ನಿಮ್ಮ ಕೈಲಿರ್ಲಿ. ಒಂದು ಗೀರೂ ಬೀಳದ ಹಾಗೆ ಜೋಪಾನ."

ಮಸೀದಿಯ ಗುರು ಸಿ ಅಲ್ಲಾಲ್ ಅಲ್ಲಿದ್ದ, ಅಂಗಡಿಯ ಹುಸ್ಸಾ ಅಲ್ಲಿದ್ದ. ಜಾಯಿದ್ ಎದೆಯ ಮೇಲೆ ಕೈಯಿಟ್ಟು, "ನನ್ನ ತಲೆ ಮೇಲೆ, ನನ್ನ ಕಣ್ಣ ಮೇಲೆ," ಎಂದ.

ಅಲ್ಲಿಗೆ ಮುಗಿಯಿತು. ಪಟ್ಟಣದ ಹುಡುಗಿಗೆ ಅದು ಹೊರಡುವಾಗಿನ ಎರಡು ಒಳ್ಳೆಯ ಮಾತು. ಜಾಯಿದನಿಗೆ ಅದು ಇಬ್ಬರು ಸಾಕ್ಷಿಗಳೆದುರು ಒಪ್ಪಿಕೊಂಡ ಅಮಾನ, ನಂಬಿ ಇಟ್ಟುಹೋದ ಸೊತ್ತು. ಮರುಭೂಮಿಯಲ್ಲಿ ಸಂತನ ಗೋರಿಯ ಪಕ್ಕ ನೇಗಿಲು ಬಿಟ್ಟುಹೋದವನು ಎರಡು ವರ್ಷದ ಮೇಲೆ ಬಂದರೂ ನೇಗಿಲು ಇಟ್ಟಲ್ಲೇ ಇರುತ್ತದೆ. ಬಿತ್ತನೆಗೆ ನೇಗಿಲಿಲ್ಲದೆ ಒದ್ದಾಡಿದವನೂ ಅದನ್ನು ಮುಟ್ಟಿರುವುದಿಲ್ಲ. ಒಪ್ಪಿಸಿಹೋದದ್ದನ್ನು ಕಾಯಬೇಕು, ಬಳಸಬಾರದು. ಇಟ್ಟವರೇ ಬಾಯಿಬಿಟ್ಟು ಬಳಸು ಎಂದರೆ ಬೇರೆ ಮಾತು. ಹಾಗಿದ್ದರಿಂದಲೇ ಅಲ್ಲವೇ ಬೀಗವಿಲ್ಲದ ಡೇರೆಗಳಲ್ಲಿ ಜನ ಸಾವಿರ ವರ್ಷ ಬದುಕಿದ್ದು?

ಮಂಗಳವಾರ ಬೆಳಿಗ್ಗೆ ತೂದಾ ಒಗೆದ ಓಢಣಿ ಹೊದ್ದು ಉಗ್ರಾಣದ ಮುಂದೆ ನಿಂತಿದ್ದಳು.

"ಬಾಬಾ, ಕೀಲಿ ಕೊಡು. ಹತ್ತಕ್ಕೆ ಪಾಠ."

"ಪೆಟ್ಟಿಗೆ ನಮ್ಮದಲ್ಲ ಮಗಳೇ. ಇಟ್ಟು ಹೋಗಿದಾರೆ."

"ಇಟ್ಟು ಹೋಗಿದ್ದೇ ಓದ್ಲಿ ಅಂತ."

"ಹಾಗಂತ ಅಂದ್ಲಾ? ಜೋಪಾನ ಅಂದ್ಲು. ತೆಗಿ ಅಂದ್ಲಾ? ನೀನೂ ಅಲ್ಲೇ ಇದ್ಯಲ್ಲ, ನೀನೇ ಹೇಳು."

ತೂದಾ ಒಳಗೆ ಹೋಗಿ ಕಾಗದ ತಂದಳು. "ಇಲ್ಲಿ ನೋಡು. ಮಕ್ಕಳು ದಿನಾ ಬಳಸ್ಬೇಕು ಅಂತ ಬರ್ದಿದೆ."

"ಊರಲ್ಲಿ ಫ್ರೆಂಚ್ ಓದೋಳು ನೀನೊಬ್ಳೇ. ಹಸಿದೋಳೇ ಸಾಕ್ಷಿ ಹೇಳಿ ಊಟ ಹಲಾಲು ಅಂದ್ರೆ ಯಾರು ನಂಬ್ತಾರೆ?"

"ನೀನು ನಂಬಲ್ವಾ?"

ಜಾಯಿದ್ ಅವಳ ಮುಖ ನೋಡಲಿಲ್ಲ. "ನಂಬ್ತೀನಿ. ಆದ್ರೆ ಕಾಗದ ಬೆಳಿಗ್ಗೇದು, ಮಾತು ಸಂಜೇದು. ಸಂಜೆ ಹೇಳಿದ್ದೇ ಮೇಲು. ಪಾಪ, ಆ ಹುಡುಗಿ ಹೇಳೋದು ಮರ್ತಿರ್ಬೇಕು. ಇವತ್ತೇ ಫೋನ್ ಮಾಡಿ ಕೇಳ್ತೀನಿ. ಒಂದು ಮಾತು ಸಾಕು."

ಒಂದು ಮಾತು. ಅದಕ್ಕಾಗಿ ಅವನು ಮೊಪೆಡ್ ಹತ್ತಿ ಹದಿನೆಂಟು ಕಿಲೋಮೀಟರ್ ದೂರದ ಕಣಿವೆಯ ನೆತ್ತಿಗೆ ಹೋದ. ಫೋನಿಗೆ ಸಿಗ್ನಲ್ಲಿನ ಗೆರೆ ಬೀಳುವುದು ಅಲ್ಲಿ, ಕಲ್ಲುಗುಪ್ಪೆಯ ಪಕ್ಕ, ಪೂರ್ವಕ್ಕೆ ಮುಖ ಮಾಡಿ ನಿಂತರೆ. ಸುಕೈನಾಳ ಫೋನು ಸ್ವಿಚ್ ಆಫ್. ಶುಕ್ರವಾರ ಹೋದ, ಆಫ್. ಮುಂದಿನ ಮಂಗಳವಾರ ಹೋದ. ಯಾವುದೋ ವಯಸ್ಸಾದ ಹೆಂಗಸು ಎತ್ತಿದಳು.

"ಅವಳಿಗೆ ದಿನ ತುಂಬೋ ಮುಂಚೆ ಹೆರಿಗೆ ಆಯ್ತಪ್ಪ. ಮಗು ಗಾಜಿನ ಪೆಟ್ಟಿಗೇಲಿದೆ. ನಾನು ಅತ್ತೆ. ಏನಾಗ್ಬೇಕಿತ್ತು?"

ಗಾಜಿನ ಪೆಟ್ಟಿಗೆಯ ಮಾತು ಕೇಳಿದ ಮೇಲೆ ತನ್ನ ಅಲ್ಯೂಮಿನಿಯಂ ಪೆಟ್ಟಿಗೆಯ ಮಾತು ಎತ್ತುವುದು ಹೇಗೆ? "ಏನಿಲ್ಲಮ್ಮ. ದೇವರು ಆಯಸ್ಸು ಕೊಡ್ಲಿ," ಎಂದು ಇಟ್ಟುಬಿಟ್ಟ. ಇಟ್ಟ ಮೇಲೆ ಕಲ್ಲುಗುಪ್ಪೆಗೆ ಒದ್ದ, ಕಾಲು ಉಳುಕಿಸಿಕೊಂಡ.

ತೂದಾ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಅವನೆದುರೇ ತಾಯಿಗೆ ಹೇಳುತ್ತಿದ್ದಳು: "ಇಮ್ಮಾ, ನಿನ್ನ ಗಂಡನಿಗೆ ಹೇಳು, ಚಹಾ ಆರ್ತಿದೆ."

"ನನ್ನ ಮಗಳಿಗೆ ಹೇಳು, ನನಗೆ ಕಿವಿಯಿದೆ," ಎನ್ನುತ್ತಿದ್ದ ಜಾಯಿದ್.

"ಕಿವಿ ಇದೆ, ಕೈಯಿಲ್ಲ."

ಫಾದ್ಮಾ ನಡುವೆ ಕೂತು ಬೇಳೆ ಆರಿಸುತ್ತ, "ನೀವಿಬ್ರೂ ನನ್ನ ತಲೇನ ಕಣಿವೆ ದಾರಿ ಮಾಡ್ಕೊಂಡಿದೀರ, ಅತ್ತಿಂದಿತ್ತ ಓಡಾಡೋಕೆ," ಎಂದಳು.

ಹುಸ್ಸಾನ ಅಂಗಡಿಯಲ್ಲಿ ಬೇರೆಯ ಮಾತು. ಅಲ್ಲಿ ಜಾಯಿದನಿಗೆ ಹುಟ್ಟಿನಿಂದ ಒಂದು ಅಡ್ಡಹೆಸರಿತ್ತು, ಒಂಟೆಕಾಲು. ಅವನು ಹುಟ್ಟುವ ದಿನ ತಾಯಿಗೆ ಹೆರಿಗೆ ಕಷ್ಟವಾಗಿತ್ತು. ಅಪ್ಪನ ಬಳಿ ಬೇರೆಯವರು ಕಾಯಲು ಬಿಟ್ಟುಹೋದ ಒಂಟೆಯೊಂದಿತ್ತು. ಅಪ್ಪ ಅದನ್ನೇ ಏರಿ ಸೂಲಗಿತ್ತಿಯನ್ನು ಕರೆತರಲು ಹೋದ. ಸೂಲಗಿತ್ತಿ ಬಂದಳು, ಜಾಯಿದ್ ಬದುಕಿದ, ತಾಯಿ ಬದುಕಿದಳು, ಒಂಟೆಯ ಕಾಲು ಮುರಿಯಿತು. ಅದರ ಒಡೆಯ ಒಂದು ಮಾತು ಬೈಯಲಿಲ್ಲ. ಊರು ಮರೆಯಲಿಲ್ಲ. ಅಪ್ಪ ಸಾಯುವವರೆಗೆ ಅವನ ಕೈಗೆ ಯಾರೂ ಒಂದು ಸೂಜಿಯನ್ನೂ ಇಟ್ಟು ಹೋಗಲಿಲ್ಲ. ಮದುವೆ ಮನೆಯಲ್ಲಿ ಚಪ್ಪಲಿ ಬಿಡುವವರು ಕೂಡ ಅವನಿಂದ ದೂರ ಬಿಡುತ್ತಿದ್ದರು. ನಲವತ್ತಾರು ವರ್ಷದಲ್ಲಿ ಈ ಮನೆಗೆ ಮೊದಲು ಬಂದ ಅಮಾನ ಆ ಪೆಟ್ಟಿಗೆ. ಈಗ ಹೇಳಿ, ಅವನು ಬೀಗ ತೆಗೆಯುವುದು ಅಷ್ಟು ಸುಲಭವೇ?

"ಏನ್ ದಾದಾ ಜಾಯಿದ್, ಪೆಟ್ಟಿಗೆ ಮೊಟ್ಟೆ ಇಡ್ತಾ?" ಎಂದ ಹುಸ್ಸಾ, ಸಾಬೂನು ತೂಗುತ್ತ.

"ನಿನ್ನ ನಾಲಿಗೆಗಿಂತ ಮೊದ್ಲು ಇಡುತ್ತೆ."

"ಕೋಪ ಯಾಕೆ? ನಾನು ಸಾಕ್ಷಿ. ಆ ಹುಡುಗಿ ನಿನ್ನ ಬೆರಳು ಮಡಚಿದ್ದು ನಾನು ಕಂಡಿದೀನಿ. ತೆಗೆದ್ರೂ ಹೇಳ್ತೀನಿ, ತೆಗೀದೇ ಇದ್ರೂ ಹೇಳ್ತೀನಿ."

ಮೂರನೇ ವಾರ ಕಾಗದದ ಮೇಲಿದ್ದ ಕಚೇರಿಯ ನಂಬರಿಗೆ ಮಾಡಿದ. ಗಂಟೆಗಟ್ಟಲೆ ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಯುವಕ ಸಿಕ್ಕಿದ. ವಿಷಯ ಕೇಳಿ ಅವನು ನಕ್ಕ.

"ಅಯ್ಯೋ, ಬಳಸಿ ಮಾರಾಯ್ರೇ. ಅದಕ್ಕೇ ಕೊಟ್ಟಿರೋದು."

"ನೀನ್ಯಾರು?"

"ನಾನು ಆಫೀಸಿನವನು."

"ನನ್ನ ಕೈಗೆ ಕೀಲಿ ಇಟ್ಟಿದ್ದು ನೀನಾ? ನಿನ್ನ ಮುಖ ನಾನು ನೋಡಿಲ್ಲ. ನಾಳೆ ಇನ್ನೊಬ್ಬ ಫೋನಲ್ಲಿ ಪೆಟ್ಟಿಗೇನ ಬಾವಿಗೆ ಹಾಕು ಅಂತಾನೆ, ಹಾಕ್ಲಾ?"

"ಸರಿ, ಮೇಡಮ್ ಬಂದ್ಮೇಲೆ ಹೇಳ್ತೀನಿ."

"ಈಗ ಹೇಳೋ! ಮಗಳ ಜಾಗ ಹೋಗುತ್ತೆ."

"ಕೂಗ್ಬೇಡಿ," ಎಂದು ಯುವಕ ಫೋನಿಟ್ಟ. ಜಾಯಿದ್ ಕೂಗಿದ್ದು ಕಣಿವೆಯಲ್ಲಿ ಎರಡು ಸಲ ಮಾರ್ದನಿಸಿತು. ತೂದಾಳ ಜಾಗವನ್ನು ಹಿಡಿದಿಡಿ, ತಪ್ಪು ಅವಳದ್ದಲ್ಲ ಎಂದು ಹೇಳಬೇಕಿತ್ತು. ಸಿಟ್ಟಿನಲ್ಲಿ ಅದೊಂದನ್ನೇ ಹೇಳಲಿಲ್ಲ. ಮತ್ತೆ ಮಾಡಿದರೆ ಬರೀ ಸಂಗೀತ.

ನಾಲ್ಕನೇ ವಾರ ಸಿ ಅಲ್ಲಾಲನ ಬಳಿಗೆ ಹೋದ. ಗುರು ಮಸೀದಿಯ ಹಿಂದೆ ಬಿಸಿಲಿಗೆ ಮೊಣಕಾಲು ಕಾಯಿಸುತ್ತಿದ್ದ.

"ಸಿ ಅಲ್ಲಾಲ್, ಈ ಅಮಾನಾನ ಇನ್ನೊಬ್ರಿಗೆ ಒಪ್ಸಬಹುದಾ?"

"ನೀನು ದೂರ ಹೊರಟ್ರೆ, ಇಲ್ಲಾ ಸಾಯೋಕೆ ಬಿದ್ರೆ, ಒಪ್ಸಬಹುದು. ತಗೊಂಡವನಿಗೂ ಇದೇ ಕಟ್ಟು."

"ಅಂದ್ರೆ ತೂದಾಗೆ ಒಪ್ಸಿದ್ರೆ?"

"ಅವಳೂ ಕಾಯ್ಬೇಕು. ತೆಗಿಯೋ ಹಾಗಿಲ್ಲ. ಈಗ ಒಬ್ಬ ಕಟ್ಟಿಬಿದ್ದಿದೀಯ, ಆಮೇಲೆ ಇಬ್ರಾಗ್ತೀರ."

"ಹಾಗಾದ್ರೆ ದಾರಿ?"

ಮುದುಕ ಮೊಣಕಾಲು ಉಜ್ಜಿಕೊಂಡ. "ಜಾಯಿದ್, ಬೇರೆ ಯಾರಾದ್ರೂ ಬಂದು ಕೇಳಿದ್ರೆ, ಮಕ್ಕಳ ಓದಿಗೆ ತಾನೇ, ತೆಗೆಯಪ್ಪ, ಪಾಪವಿದ್ರೆ ನನ್ನ ಕೊರಳಿಗೆ ಅಂತಿದ್ದೆ. ನಿನಗೆ ಹಾಗನ್ನೋಕೆ ಧೈರ್ಯ ಇಲ್ಲ. ನಾಳೆ ಊರು ಏನನ್ನುತ್ತೆ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮಪ್ಪನ್ನ ಅಂದವರಲ್ಲಿ ನಾನೂ ಒಬ್ಬ."

ಕಾಸಾಬ್ಲಾಂಕಾಕ್ಕೇ ಹೋಗಿಬಿಡಲೇ ಎಂದುಕೊಂಡ. ಹೋದರೆ ಪೆಟ್ಟಿಗೆ ಬಿಟ್ಟು ಹೋಗಬೇಕು, ಬಿಟ್ಟರೆ ಕಾವಲು ತಪ್ಪುತ್ತದೆ. ಹೊತ್ತುಕೊಂಡು ಹೋದರೆ ಲ್ಯಾಂಡ್ ರೋವರ್ ಪಟ್ಟಣವನ್ನೂ ಮುಟ್ಟುವುದಿಲ್ಲ, ಮುಟ್ಟಿದರೂ ಗೀರು ಬೀಳದೆ ಇರದು. ಹೋಗಿ ಮಾಡುವುದಾದರೂ ಏನು, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಾಣಂತಿಯನ್ನು ಕರೆಸುವುದೇ? ಎತ್ತ ತಿರುಗಿದರೂ ಗೋಡೆ. ಮರಳಲ್ಲಿ ಹೂತವರನ್ನು ಎಳೆಯಲು ಜಾಯಿದನಿದ್ದ. ಜಾಯಿದನನ್ನು ಎಳೆಯುವವರು ಯಾರು?

ಐದನೇ ವಾರದ ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಮಸೀದಿಗೆ ಹೋಗಲೆಂದು ಮೀಯುವಾಗ ಕೀಲಿಯನ್ನು ಬಿಚ್ಚಿ ಗೂಟಕ್ಕೆ ಹಾಕಿದ್ದ. ಮಿಂದು ಬಂದಾಗ ಗೂಟ ಬರಿದಾಗಿತ್ತು. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ತೂದಾ ಪೆಟ್ಟಿಗೆಯ ಮುಂದೆ ಮೊಣಕಾಲೂರಿದ್ದಳು. ಕಂಬಳಿ ಪಕ್ಕಕ್ಕೆ ಸರಿಸಿತ್ತು. ಕೀಲಿ ಬೀಗದೊಳಗಿತ್ತು. ಅವಳ ಬೆರಳು ಕೀಲಿಯ ಮೇಲಿತ್ತು.

ಜಾಯಿದ್ ಬಾಗಿಲಲ್ಲೇ ನಿಂತ. ಬೈಯಲಿಲ್ಲ. ತಿರುಗಿಸು, ಎಂದು ಅವನ ಮನಸ್ಸು ಕೂಗುತ್ತಿತ್ತು. ಅವಳೇ ಕದ್ದು ತೆಗೆದರೆ ತನ್ನ ಮಾತು ಉಳಿಯುತ್ತದೆ, ಅವಳ ಓದೂ ಉಳಿಯುತ್ತದೆ. ಕಳ್ಳಿಯ ಅಪ್ಪನಾಗುವುದು ಅಮಾನ ತಿಂದವನಾಗುವುದಕ್ಕಿಂತ ವಾಸಿ. ಅವನು ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟ, ತಾನು ನೋಡಲೇ ಇಲ್ಲ ಎನ್ನುವಂತೆ.

"ಹೋಗ್ಬೇಡ ಬಾಬಾ," ಎಂದಳು ತೂದಾ ತಿರುಗದೆ. ಮಾತು ಬಿಟ್ಟ ಮೇಲೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು. "ಆಗ್ಲಿಂದ ಕೂತಿದೀನಿ. ತಿರುಗ್ಸೋಕೆ ಆಗ್ತಿಲ್ಲ."

"ಬಿಗಿಯಾಗಿದ್ಯಾ?"

"ಬೀಗ ಸರಿಯಾಗೇ ಇದೆ. ನನಗೇ ಆಗ್ತಿಲ್ಲ. ಬೇರೆಯವರ ಮನೇಲಿ ಹುಟ್ಟಿದ್ರೆ ಇಷ್ಟೊತ್ತಿಗೆ ಪಾಠ ಕೇಳ್ತಿದ್ದೆ."

ಅವಳು ಕೀಲಿ ತೆಗೆದು, ಕಂಬಳಿಯನ್ನು ಮೊದಲಿನ ಹಾಗೆ ಹೊದಿಸಿ, ಅಪ್ಪನ ಕೈಗೆ ಕೀಲಿ ಕೊಟ್ಟು ಹಿಟ್ಟು ನಾದಲು ಹೋದಳು. ಜಾಯಿದ್ ಅಂದು ಮಸೀದಿಗೆ ಹೋಗಲಿಲ್ಲ. ನೇರ ಕಣಿವೆಗೆ ಹೋದ. ಅಂದಿನಿಂದ ದಿನವೂ ಹೋದ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ, ಪೂರ್ವಕ್ಕೆ ಮುಖ ಮಾಡಿ, ಫೋನನ್ನು ಕಲ್ಲಿನ ಮೇಲಿಟ್ಟು, ಸೂರ್ಯ ಇಳಿಯುವವರೆಗೆ ಕಾಯುತ್ತಿದ್ದ. ಪೆಟ್ಟಿಗೆಯ ಕಾವಲಿಗೆ ಫಾದ್ಮಾ ಉಗ್ರಾಣದ ಹೊಸಿಲಲ್ಲಿ ಬೇಳೆ ಆರಿಸುತ್ತ ಕೂರುತ್ತಿದ್ದಳು. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತಿದ್ದಳು.

ಆರು ವಾರ ಮುಗಿದ ಮೇಲಿನ ಗುರುವಾರ, ಬಿಸಿಲು ನೆತ್ತಿಗೆ ಬಂದಾಗ ಫೋನು ತಾನಾಗಿ ಬಡಿದುಕೊಂಡಿತು.

"ಸಿ ಜಾಯಿದ್, ಸುಕೈನಾ ಮಾತಾಡ್ತಿರೋದು. ಇವತ್ತು ಫೋನ್ ತೆಗೆದ್ರೆ ನಿಮ್ಮದೇ ಐವತ್ತು ಕರೆ. ಏನಾಯ್ತು?"

"ಮಗು ಹೇಗಿದೆ?" ಎಂದ ಅವನು ಮೊದಲು.

"ಮನೆಗೆ ಬಂತು. ಹೆಣ್ಣು. ನೀವು ಹೇಳಿ."

ಅವನು ಹೇಳಿದ. ಬಿಸಿಲಲ್ಲಿ ನಿಂತು ಒಂದೇ ಉಸಿರಿಗೆ, ಕೀಲಿ, ಬೆರಳು, ಸಾಕ್ಷಿ, ಕಾಗದ, ಎಲ್ಲ. ಆ ಕಡೆ ಎಲ್ಲೋ ಕೂಸು ಅಳುತ್ತಿತ್ತು.

"ನೀವು ಅದನ್ನ ತೆಗ್ದೇ ಇಲ್ವಾ? ಒಂದು ಸಲಾನೂ?"

"ನೀನು ಹೇಳ್ಲಿಲ್ವಲ್ಲಮ್ಮ."

"ತಲ್ಮಾಯಿತಿನವರಿಗೆ ಆಸಕ್ತಿ ಇಲ್ಲ ಅಂದ್ಕೊಂಡ್ರಂತೆ ಎಲ್ರೂ." ಕೂಸಿನ ಅಳು ಹತ್ತಿರ ಬಂತು. "ತೆಗೀರಿ. ನಾನು ಹೇಳ್ತಿದೀನಿ, ಸುಕೈನಾ, ಕೀಲಿ ಕೊಟ್ಟವಳು. ತೆಗೀರಿ, ಬಳಸಿ, ಗೀರು ಬೀಳ್ಲಿ, ಒಡೀಲಿ."

"ತೂದಾ ಜಾಗ?"

"ಸೋಮವಾರ ಹೋಯ್ತು, ಸಿ ಜಾಯಿದ್. ಅದನ್ನ ಮನುಷ್ಯರು ತೆಗೆಯಲ್ಲ, ಕಂಪ್ಯೂಟರೇ ತೆಗೆಯುತ್ತೆ. ಮುಂದಿನ ಊರಿನ ಹುಡುಗಿಗೆ ಹೋಗಿದೆ. ಆಗ್ಲೇ ಪಾಠಕ್ಕೆ ಕೂತಿದಾಳೆ. ಅವಳಿಂದ ಕಿತ್ಕೊಳ್ಲಾ?"

"ಬೇಡ," ಎಂದ ಜಾಯಿದ್. ಮೂರು ದಿನ. ಅವನು ಲೆಕ್ಕ ಹಾಕಲಿಲ್ಲ, ಲೆಕ್ಕ ತಾನಾಗಿಯೇ ಬಂತು.

"ತೂದಾ ಪಾಠ ಕೇಳ್ಬಹುದು. ಅದಕ್ಕೆ ಅಡ್ಡಿಯಿಲ್ಲ. ಆದ್ರೆ ಅವಳ ಮಾತು ಆ ಕಡೆ ಕೇಳ್ಸಲ್ಲ, ಹಾಜರಿ ಇಲ್ಲ, ಜೂನಿಗೆ ಪರೀಕ್ಷೆ ಇಲ್ಲ. ಮುಂದಿನ ವರ್ಷದ ಪಟ್ಟಿ ರ್ಯಾಲಿ ಹೋಗೋ ಊರುಗಳಿಗೆ. ದಾರಿ ದಕ್ಷಿಣಕ್ಕೆ ಬದಲಾಗುತ್ತೆ ಅಂತಿದಾರೆ. ನಾನು ಕೇಳ್ತೀನಿ, ನಿಮ್ಮ ಊರು ಸೇರಿಸಿ ಅಂತ. ಮಾತು ಕೊಡೋಕಾಗಲ್ಲ."

"ಕೊಡ್ಬೇಡ," ಎಂದ ಅವನು. "ಮಾತು ಮಾತ್ರ ಕೊಡ್ಬೇಡ ತಾಯಿ."

ಮೊಪೆಡ್ ಇಳಿಜಾರಿನಲ್ಲಿ ತಾನಾಗಿ ಓಡಿತು. ಮನೆಗೆ ಬಂದವನು ಉಗ್ರಾಣಕ್ಕೆ ನುಗ್ಗಿ, ಹೊಸಿಲಲ್ಲಿದ್ದ ಫಾದ್ಮಾಳನ್ನು ದಾಟಿ, ಕೀಲಿ ತಿರುಗಿಸಿದ. ಆಮೇಲೆ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ತೂದಾ ಕೇಳಿದಳು. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಮೂರು ದಿನ," ಎಂದಳು ಅವಳೂ.

"ಬೈಯಮ್ಮ. ನಿನಗೆ ಹಕ್ಕಿದೆ."

"ನಾನೂ ತಿರುಗಿಸ್ಲಿಲ್ವಲ್ಲ, ಯಾರನ್ನ ಬೈಯ್ಲಿ?" ಎಂದು ಎದ್ದು ಇಂಟರ್ನೆಟ್ ತಟ್ಟೆಯನ್ನು ಮಾಳಿಗೆಗೆ ಹೊತ್ತಳು.

ಮರುದಿನ ಶುಕ್ರವಾರ ಹತ್ತು ಗಂಟೆಗೆ ಪರದೆ ಏಳಲಿಲ್ಲ. ಸ್ವಿಚ್ಚು ಆರಿಸದೆಯೇ ಪೆಟ್ಟಿಗೆಯನ್ನು ಮುಚ್ಚಿ ಒಳಗಿಟ್ಟಿದ್ದರು. ಕಂಬಳಿಯಡಿ, ಕತ್ತಲಲ್ಲಿ, ಬ್ಯಾಟರಿ ಒಂದೂವರೆ ತಿಂಗಳು ಹನಿಹನಿಯಾಗಿ ಸೋರಿ ಸತ್ತಿತ್ತು. ಗೀರು ಬೀಳದ ಹಾಗೆ ಕಾಯ್ದದ್ದು ಒಳಗೊಳಗೇ ಸತ್ತಿತ್ತು. ಬ್ಯಾಟರಿಯಿಲ್ಲದೆ ಬರೀ ಬಿಸಿಲಿನ ಫಲಕದಿಂದ ಅದು ಎದ್ದೇಳುವ ಜಾತಿಯಲ್ಲ. ಜಾಯಿದ್ ಒಂದು ಕೆಟ್ಟ ಮಾತು ಉಗುಳಿ, ಲ್ಯಾಂಡ್ ರೋವರನ್ನು ಉಗ್ರಾಣದ ಕಿಟಕಿಗೆ ತಂದು ನಿಲ್ಲಿಸಿ, ಅದರಿಂದ ಎರಡು ತಂತಿ ಎಳೆದ. ಆ ಗಾಡಿಯ ಬ್ಯಾಟರಿಯೂ ಮುದುಕ, ಎಂಜಿನ್ ಓಡುತ್ತಿದ್ದರಷ್ಟೇ ಜೀವ. ಮುಂದೆ ಹಿಡಿಕೆ ಹಾಕಿ ತಿರುವಿ ಚಾಲೂ ಮಾಡಿದ, ಹತ್ತಿ ಕೂತು ಕಾಲು ಒತ್ತಿ ಹಿಡಿದ.

ಪರದೆ ಬೆಳಗಿತು. ಬುಶ್ರಾ ಬಂದಳು. ಅಂದಿನಿಂದ ಮಂಗಳವಾರ, ಶುಕ್ರವಾರ ಇದೇ ವ್ಯವಸ್ಥೆ. ಗಾಡಿ ನಿಂತಲ್ಲೇ ಗುಡುಗುತ್ತಿತ್ತು, ಹೊಗೆ ಕಾರುತ್ತಿತ್ತು, ಒಂದಿಂಚು ಹಂದುತ್ತಿರಲಿಲ್ಲ. ಹುಸ್ಸಾ ಅಂಗಡಿಯಿಂದ, "ಎಲ್ಲಿವರೆಗೆ ಹೋದ್ಯೋ ದಾದಾ?" ಎಂದು ಕೂಗಿದರೆ ಜಾಯಿದ್ ಕಾಲನ್ನು ಇನ್ನಷ್ಟು ಒತ್ತುತ್ತಿದ್ದ. ಕಿಟಕಿಯಿಂದ ಮಗಳ ಬೆನ್ನು ಕಾಣುತ್ತಿತ್ತು. ಅವಳ ಪಕ್ಕ ಊರಿನ ಏಳೆಂಟು ಸಣ್ಣ ಮಕ್ಕಳು.

ಡಿಸೆಂಬರಿನ ಒಂದು ಶುಕ್ರವಾರ ಬುಶ್ರಾ ಏನೋ ಕೇಳಿದಳು. ಪರದೆಯ ಮೂಲೆಯಲ್ಲಿದ್ದ ಹತ್ತೊಂಬತ್ತು ಮುಖ ಸುಮ್ಮನಿದ್ದವು, ತೂದಾಳ ಜಾಗಕ್ಕೆ ಬಂದ ಇಪ್ಪತ್ತನೆಯದೂ ಸುಮ್ಮನಿತ್ತು. ತೂದಾ ಕೈಯೆತ್ತಿದಳು. ಯಾರೂ ಕಾಣುವುದಿಲ್ಲವೆಂದು ಗೊತ್ತಿದ್ದೂ ಎತ್ತಿದಳು. ಎದ್ದು ನಿಂತು ಉತ್ತರ ಹೇಳಿದಳು. ಅವಳ ಕುತ್ತಿಗೆ, ಭುಜ, ಗಾಳಿಯಲ್ಲಿ ಗೆರೆ ಎಳೆಯುವ ಬೆರಳು, ಎಲ್ಲ ಜಾಯಿದನಿಗೆ ಕಾಣುತ್ತಿದ್ದವು. ಎಂಜಿನ್ನಿನ ಅಬ್ಬರದಲ್ಲಿ ಒಂದು ಅಕ್ಷರವೂ ಕೇಳಲಿಲ್ಲ. ಮೆಕ್ನೆಸಿನಲ್ಲಿ ಯಾರೂ ಕೇಳುತ್ತಿಲ್ಲ. ತಾನಾದರೂ ಕೇಳಬೇಡವೇ?

ಅವನು ಕಾಲು ತೆಗೆದು ಎಂಜಿನ್ ಆರಿಸಿದ. ಊರು ಒಮ್ಮೆಲೇ ಮೌನವಾಯಿತು. ಪರದೆಯೂ ಕಪ್ಪಾಯಿತು. ತೂದಾಳ ಮಾತು ಅರ್ಧಕ್ಕೆ ನಿಂತಿತು.

ಅವಳು ಕಿಟಕಿಗೆ ಬಂದಳು. "ಯಾಕೆ ಆರಿಸ್ದೆ?"

"ನೀನೇನೋ ಹೇಳ್ತಿದ್ದೆ."

"ಈಗ ಅವರು ಸರಿ ಉತ್ತರ ಹೇಳ್ತಿರ್ತಾರೆ. ನಂದು ಸರಿನಾ ತಪ್ಪಾ ಅಂತ ಹೇಗೆ ಗೊತ್ತಾಗ್ಬೇಕು ಬಾಬಾ? ಹಾಕು, ಬೇಗ ಹಾಕು."

ಜಾಯಿದ್ ಇಳಿದು, ಹಿಡಿಕೆ ತೆಗೆದುಕೊಂಡು ಗಾಡಿಯ ಮುಂದೆ ಬಗ್ಗಿದ. ಮೊದಲ ಸುತ್ತಿಗೆ ಹತ್ತಲಿಲ್ಲ. ಎರಡನೆಯದಕ್ಕೂ ಹತ್ತಲಿಲ್ಲ. ಒಳಗಿನಿಂದ ಮಗಳು, "ಬೇಗ ಬಾಬಾ, ಬೇಗ," ಎನ್ನುತ್ತಿದ್ದಳು. ಅವನು ತಿರುವುತ್ತಲೇ ಇದ್ದ.